ಯೆಯ್ಯಾಡಿಯ ಪ್ರೆಸ್ ಅಂಗಡಿ, ನಮ್ಮ ಸ್ವಿಫ್ಟ್‌ನ ಬೇರಿಂಗ್

ಮಂಗಳೂರಿನ ಯೆಯ್ಯಾಡಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಲೇತ್ ಅಂಗಡಿ ಉಂಟು. ಒಂದು ಹೈಡ್ರಾಲಿಕ್ ಪ್ರೆಸ್, ಒಂದು ಹಳೆ ಲೇತ್, ಮಾಲೀಕರು, ಅವರ ಜೊತೆ ಒಬ್ಬ ಹುಡುಗ. ಕಾರಿನ ವೀಲ್ ಬೇರಿಂಗ್ ಒತ್ತಿ ತೆಗೆದು ಹೊಸದು ಕೂರಿಸಿಕೊಡುತ್ತಾರೆ. ಕಾರು ತರಬೇಕಾಗಿಲ್ಲ. ನಕಲ್ ಬಿಚ್ಚಿಕೊಂಡು ಹೋದರೆ ಸಾಕು. ನಕಲ್ ಅಂದರೆ ಚಕ್ರದ ಹಿಂದೆ ಹಬ್, ಬೇರಿಂಗ್ ಎಲ್ಲ ಕೂರುವ ಭಾರದ ಕಬ್ಬಿಣದ ತುಂಡು. ಹಬ್ ಅಂದರೆ ಚಕ್ರವನ್ನು ಬಿಗಿಯುವ ಭಾಗ, ಅದು ಸರಾಗ ತಿರುಗಲು ಇರುವ ಬಾಲ್ ತುಂಬಿದ ಬಳೆಯೇ ಬೇರಿಂಗ್. ಅಂಗಡಿಯ ಹೆಸರು ಬರೆಯಲಾ ಎಂದು ಕೇಳಿದ್ದೆ. "ಬೇಡ ಅಕ್ಕ, ಈಗ ಇರುವ ಕೆಲಸವೇ ಮುಗೀತಾ ಇಲ್ಲ" ಎಂದರು. ಹಾಗಾಗಿ ಹೆಸರಿಲ್ಲದೆ ಬರೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ.

ನಮ್ಮದು 2012ರ ಪೆಟ್ರೋಲ್ ಸ್ವಿಫ್ಟ್. ಮನೆ ಸುರತ್ಕಲ್, ನನ್ನ ಕೆಲಸ ಉಡುಪಿಯಲ್ಲಿ. ಮುಕ್ಕ, ಮೂಲ್ಕಿ, ಹೆಜಮಾಡಿ ಟೋಲ್, ಪಡುಬಿದ್ರಿ, ಕಾಪು, ಕಟಪಾಡಿ. ದಿನಾ ಇದೇ ದಾರಿ. ಮಳೆಗಾಲ ಮುಗಿಯುವ ಹೊತ್ತಿಗೆ 50ರ ಮೇಲೆ ಹೋದರೆ ಸಾಕು, ಗುಂಯ್ ಎಂದು ಒಂದು ಶಬ್ದ ಶುರುವಾಗುತ್ತಿತ್ತು. ನಮ್ಮ ಮನೆಯವರು ರೇಡಿಯೊ ಜೋರು ಮಾಡಿದರು. ಅವರ ಪ್ರಕಾರ ರಿಪೇರಿ ಅಲ್ಲಿಗೆ ಮುಗಿಯಿತು. ಹಿಂದೆ ಕೂತಿದ್ದ ಅತ್ತೆ ಮಾತ್ರ ಬಿಡಲಿಲ್ಲ. "ಎಂತ ಮಾರಾಯ್ತಿ, ಇದರೊಳಗೆ ಹಿಟ್ಟಿನ ಗಿರಣಿ ಓಡ್ತಾ ಉಂಟಾ?"

ಒಂದು ಸರ್ವಿಸ್ ಸೆಂಟರಿಗೆ ತೋರಿಸಿದೆವು. ಮುಂದಿನ ಎರಡೂ ಬೇರಿಂಗ್, ಎರಡೂ ಹಬ್, ಲೇಬರ್ ಎಲ್ಲ ಸೇರಿ 11,800 ರೂಪಾಯಿ ಎಸ್ಟಿಮೇಟ್ ಕೊಟ್ಟರು. ಹಾಳಾದದ್ದು ಎಡದ್ದಾ, ಬಲದ್ದಾ ಎಂದು ಕೇಳಿದರೆ "ಎರಡೂ ಹಾಕಿದ್ರೆ ಸೇಫ್ ಮೇಡಂ" ಎಂಬ ಉತ್ತರ. ಇನ್ನೊಂದು ಗ್ಯಾರೇಜಿನವರು ಗಾಡಿ ಓಡಿಸಿಯೂ ನೋಡಲಿಲ್ಲ. ಟಯರ್ ಸೌಂಡ್, ನಾಲ್ಕೂ ಚೇಂಜ್ ಮಾಡಿ ಎಂದರು. ಎರಡೂ ಕಡೆ ಯಾರೂ ಆ ಶಬ್ದಕ್ಕೆ ಕಿವಿ ಕೊಡಲೇ ಇಲ್ಲ.

ಬೇರಿಂಗ್ ಕೂರಿಸಲು ಪ್ರೆಸ್ ಬೇಕು, ಸರಿ. ಆದರೆ ಶಬ್ದ ಎಲ್ಲಿಂದ ಬರುತ್ತದೆ ಎಂದು ಹುಡುಕಲು ಪ್ರೆಸ್ಸೂ ಬೇಡ, ಕಂಪ್ಯೂಟರೂ ಬೇಡ. ದಿನಾ ಆ ಗಾಡಿ ಓಡಿಸುವವರ ಕಿವಿಯಷ್ಟು ಒಳ್ಳೆ ಉಪಕರಣ ಯಾವ ಗ್ಯಾರೇಜಿನಲ್ಲೂ ಇರುವುದಿಲ್ಲ. ಹಾಗಾಗಿ ಹುಡುಕುವ ಕೆಲಸ ನಾವೇ ಮಾಡಿದೆವು. ನಾವು ಅಂದರೆ ನಾನು ಮತ್ತು ನನ್ನ ತಮ್ಮ. ಅವನು ಕದ್ರಿಯ ಕೆಪಿಟಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಈಗ ಬೈಕಂಪಾಡಿಯಲ್ಲಿ ಕೆಲಸ.

ಮೊದಲು ನೋಡಬೇಕಾದ್ದು ಎಂಜಿನ್ನಾ, ಚಕ್ರವಾ ಎಂದು. ಖಾಲಿ ರಸ್ತೆಯಲ್ಲಿ 70ರ ಹತ್ತಿರ ಓಡಿಸುತ್ತಾ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿದೆ. ಎಂಜಿನ್ ಐಡಲ್‌ಗೆ ಇಳಿಯಿತು. ಶಬ್ದ ಹಾಗೆಯೇ ಉಳಿಯಿತು, ಗಾಡಿಯ ಸ್ಪೀಡ್ ಇಳಿದಂತೆ ನಿಧಾನಕ್ಕೆ ಇಳಿಯಿತು. ಎಂಜಿನ್ನಿಗೂ ಇದಕ್ಕೂ ಸಂಬಂಧ ಇಲ್ಲ ಎಂದಾಯಿತು.

ಇನ್ನು ಟಯರಾ, ಬೇರಿಂಗಾ? ಇಲ್ಲಿ ಮಂಗಳೂರಿನವರಿಗೆ ಒಂದು ಅನುಕೂಲ ಇದೆ. ಸಿಟಿಯ ಒಳಗೆ ಬಹಳಷ್ಟು ರಸ್ತೆ ಕಾಂಕ್ರೀಟ್, ಹೊರಗೆ ಹೈವೇ ಡಾಂಬರು. ಟಯರ್ ಒಂದೊಂದು ಕಡೆ ಒಂದೊಂದು ಥರ ಸವೆದಿದ್ದರೆ ಅದರ ಶಬ್ದ ರಸ್ತೆಯ ಜೊತೆ ಬದಲಾಗುತ್ತದೆ. ಕಾಂಕ್ರೀಟ್ ಮೇಲೆ ಒಂದು ಸ್ವರ, ಹೊಸ ಡಾಂಬರಿನ ಮೇಲೆ ಇನ್ನೊಂದು. ಬೇರಿಂಗಿಗೆ ಕೆಳಗೆ ಎಂತ ರಸ್ತೆ ಇದ್ದರೂ ಒಂದೇ. ನಮ್ಮದು ಎರಡರ ಮೇಲೂ ಒಂದೇ ಥರ ಗುಂಯ್ ಎಂದಿತು. ಇಷ್ಟಾದರೂ ಸಂಶಯ ಇದ್ದರೆ ಮುಂದಿನ ಟಯರ್ ಹಿಂದೆ, ಹಿಂದಿನದು ಮುಂದೆ ಹಾಕಿ ನೋಡಬಹುದು. ಶಬ್ದವೂ ಜಾಗ ಬದಲಿಸಿದರೆ ಟಯರಿನದ್ದೇ.

ಎಡವಾ ಬಲವಾ ಎಂದು ನೋಡಲು ಸ್ಟಿಯರಿಂಗ್ ಸ್ವಲ್ಪ ಸ್ವಲ್ಪ ಆಚೀಚೆ ತಿರುಗಿಸಬೇಕು. ಹಿಂದೆ ಮುಂದೆ ಯಾರೂ ಇಲ್ಲದಾಗ, 60ರ ಸ್ಪೀಡಿನಲ್ಲಿ, ಲೇನಿನ ಒಳಗೇ. ಗಾಡಿ ಎಡಕ್ಕೆ ತಿರುಗಿದರೆ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಶಬ್ದ ಜಾಸ್ತಿಯಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ. ಬಲಕ್ಕೆ ತಿರುಗಿದಾಗ ಜಾಸ್ತಿಯಾದರೆ ಎಡಗಡೆಯದ್ದು. ನಮ್ಮ ಸ್ವಿಫ್ಟ್ ಎಡಕ್ಕೆ ತಿರುಗಿಸಿದಾಗ ಕೂಗಿತು, ಬಲಕ್ಕೆ ತಿರುಗಿಸಿದಾಗ ಸುಮ್ಮನಾಯಿತು. ಆದರೆ ಇದೊಂದನ್ನೇ ನಂಬಿ ಬೇರಿಂಗ್ ಖರೀದಿಸಬೇಡಿ. ಬೇರಿಂಗಿನ ಒಳಗೆ ಎರಡು ಸಾಲು ಬಾಲ್ ಇರುತ್ತದೆ. ಯಾವ ಸಾಲು ಹಾಳಾಗಿದೆ ಎನ್ನುವುದರ ಮೇಲೆ ಕೆಲವೊಮ್ಮೆ ಉಲ್ಟಾ ಕೇಳಿಸುವುದೂ ಉಂಟು.

ಅದಕ್ಕೇ ಜಾಕ್ ಹಾಕಿ ನೋಡಬೇಕು. ಇಲ್ಲಿ ಒಂದು ಮಾತು. ನಮ್ಮ ಕಡೆ ಎಲ್ಲರ ಅಂಗಳದಲ್ಲೂ ಕೆಂಪು ಕಲ್ಲು ಇರುತ್ತದೆ, ಗಾಡಿಯ ಕೆಳಗೆ ಅದನ್ನೇ ಇಟ್ಟು ಕೆಲಸ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕೆಂಪು ಕಲ್ಲು ಗೋಡೆಗೆ ಒಳ್ಳೆಯದು, ಒಂದೇ ಜಾಗದಲ್ಲಿ ಭಾರ ಬಿದ್ದರೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಜಾಕ್ ಸ್ಟ್ಯಾಂಡ್ ತೆಗೆದುಕೊಳ್ಳಿ. ಮಳೆಗೆ ಮೆತ್ತಗಾದ ಮಣ್ಣಾದರೆ ಕೆಳಗೆ ದಪ್ಪ ಹಲಗೆ ಇಡಿ. ಹಿಂದಿನ ಚಕ್ರಕ್ಕೆ ಅಡ್ಡ ಕೊಡುವುದನ್ನು ಮರೆಯಬೇಡಿ.

ಚಕ್ರ ಮೇಲೆದ್ದ ಮೇಲೆ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಬೇಕು. ಆಟ, ಅಂದರೆ ಸಡಿಲದ ಅಲುಗಾಟ, ಇದ್ದರೆ ಒಳಗೆ ಕೂತವರು ಬ್ರೇಕ್ ಒತ್ತಲಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್. ಆಗಲೂ ಅಲ್ಲಾಡಿದರೆ ನಕಲ್ಲನ್ನು ಸಸ್ಪೆನ್ಷನ್ನಿನ ಕೆಳಗಿನ ತೋಳಿಗೆ ಸೇರಿಸುವ ಬಾಲ್ ಜಾಯಿಂಟ್ ಕಡೆ ನೋಡಿ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಇದ್ದರೆ ಹೆಚ್ಚಾಗಿ ಟೈ ರಾಡ್ ಎಂಡ್, ಅಂದರೆ ಸ್ಟಿಯರಿಂಗಿನಿಂದ ಚಕ್ರಕ್ಕೆ ಬರುವ ಕಡ್ಡಿಯ ತುದಿ. ನಮ್ಮದರಲ್ಲಿ ಆಟವೇ ಇರಲಿಲ್ಲ. ಆಟ ಇಲ್ಲ ಎಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಎಂದು ಬಿಡುವುದು ಬಹಳ ಜನ ಮಾಡುವ ಕೆಲಸ. ಶಬ್ದ ಮೊದಲು ಬರುತ್ತದೆ, ಆಟ ಎಷ್ಟೋ ತಡವಾಗಿ. ಕೈಗೆ ಆಟ ಸಿಗುವ ಹೊತ್ತಿಗೆ ಆ ಗಾಡಿಯನ್ನು ಹೈವೇಗೆ ಒಯ್ಯಬಾರದು.

ಕೊನೆಗೆ ಹೇಳಿಕೊಟ್ಟದ್ದು ಸ್ಪ್ರಿಂಗ್. ಇದು ತಮ್ಮನಿಗೆ ಗೊತ್ತಿದ್ದ ಉಪಾಯ. ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಒಂದು ಕೈಯ ಬೆರಳುಗಳನ್ನು ಸಸ್ಪೆನ್ಷನ್ನಿನ ಕಾಯಿಲ್ ಸ್ಪ್ರಿಂಗ್ ಮೇಲೆ ಸುಮ್ನೆ ಇಡಬೇಕು, ಗಟ್ಟಿಯಾಗಿ ಹಿಡಿಯಬಾರದು. ಇನ್ನೊಂದು ಕೈಯಿಂದ ಚಕ್ರ ತಿರುಗಿಸಬೇಕು. ಎಡಗಡೆ ತಿರುಗಿಸಿದೆ. ಬ್ರೇಕ್ ಪ್ಯಾಡ್ ಡಿಸ್ಕಿಗೆ ಸವರುವ ಸಣ್ಣ ಸರಸರ ಕಿವಿಗೆ ಕೇಳಿತು, ಬೆರಳಿಗೆ ಏನೂ ಗೊತ್ತಾಗಲಿಲ್ಲ. ಬಲಗಡೆ ತಿರುಗಿಸಿದರೆ ಸ್ಪ್ರಿಂಗಿನೊಳಗೆ ಮರಳು ಹರಿದ ಹಾಗೆ ಕರಕರ ಬೆರಳಿಗೆ ಬಂತು. ಚಕ್ರ ನಿಂತರೆ ಅದೂ ನಿಂತಿತು. ಅತ್ತೆಯನ್ನು ಕರೆದು ಅವರ ಬೆರಳು ಇಡಿಸಿದೆ. "ಇದೇ" ಎಂದರು. ಎರಡು ಕಡೆಯನ್ನೂ ಹೋಲಿಸಿ ನೋಡುವುದು ಮುಖ್ಯ. ಒಂದೇ ಕಡೆ ಮುಟ್ಟಿದರೆ ಯಾವುದು ಸರಿ, ಯಾವುದು ಕೆಟ್ಟದ್ದು ಎಂದು ಮೊದಲ ಸಲ ಮುಟ್ಟುವವರಿಗೆ ತಿಳಿಯುವುದಿಲ್ಲ.

ಬೇರೆ ಶಬ್ದಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಟಿಕ್ ಟಿಕ್ ಎಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಹಂಪ್ ದಾಟುವಾಗ ಕಟಕಟ ಎಂದರೆ ಸ್ಟೆಬಿಲೈಜರ್ ಲಿಂಕ್ ಅಥವಾ ಬುಶ್. ಕೀಂ ಎಂದು ಕಿರುಚಿ, ಬ್ರೇಕ್ ಒತ್ತಿದಾಗ ನಿಂತರೆ ಪ್ಯಾಡ್ ಸವೆದಿದೆ. ಇದ್ದಕ್ಕಿದ್ದಂತೆ ಕರ್ರ್ ಎಂದು ಉಜ್ಜುವ ಶಬ್ದ ಬಂದರೆ ಗಾಬರಿ ಬೇಡ, ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ಮಧ್ಯೆ ಜಲ್ಲಿ ಕಲ್ಲು ಸಿಕ್ಕಿರಬಹುದು. ಸಮುದ್ರದ ಹತ್ತಿರ ಇರುವವರಿಗೆ ಇನ್ನೊಂದು ಇದೆ. ಸೈಲೆನ್ಸರ್ ಮೇಲಿನ ತಗಡಿನ ಕವರ್ ಉಪ್ಪು ಗಾಳಿಗೆ ತುಕ್ಕು ಹಿಡಿದು, ಬೋಲ್ಟ್ ಹತ್ತಿರ ಕಿತ್ತುಹೋಗಿ ಗಡಗಡ ಎನ್ನುತ್ತದೆ. ಅದು ಒಂದು ದೊಡ್ಡ ವಾಷರ್‌ನಲ್ಲಿ ಮುಗಿಯುವ ಕೆಲಸ.

ಈ ಹುಡುಕಾಟಕ್ಕೆ ಅಂತ ಆನ್‌ಲೈನಿನಲ್ಲಿ ಮೆಕ್ಯಾನಿಕ್ ಸ್ಟೆತೊಸ್ಕೋಪ್ ತರಿಸಿದ್ದೆ, 380 ರೂಪಾಯಿ. ಡಾಕ್ಟರ ಬಿಲ್ಲೆಯ ಜಾಗದಲ್ಲಿ ಉದ್ದದ ಉಕ್ಕಿನ ಕಡ್ಡಿ ಇರುತ್ತದೆ. ವೀಲ್ ಬೇರಿಂಗಿಗೆ ಇದು ಬೇಕಾಗಿಲ್ಲ, ಸ್ಪ್ರಿಂಗ್ ಸಾಕು. ಬಾನೆಟ್ ಅಡಿಯಲ್ಲಿ ಮಾತ್ರ ಒಳ್ಳೆ ಉಪಯೋಗ. ಆಲ್ಟರ್ನೇಟರ್, ವಾಟರ್ ಪಂಪ್, ಬೆಲ್ಟ್ ಟೆನ್ಷನರ್ ಮೂರೂ ಅಕ್ಕಪಕ್ಕ ಇರುತ್ತವೆ. ಯಾವುದು ಕೂಗುತ್ತಿದೆ ಎಂದು ಬರೀ ಕಿವಿಗೆ ಗೊತ್ತಾಗುವುದಿಲ್ಲ, ಕಡ್ಡಿ ಇಟ್ಟರೆ ಗೊತ್ತಾಗುತ್ತದೆ. ಕಿವಿಗೆ ಹಾಕುವ ಗಟ್ಟಿ ಪ್ಲಾಸ್ಟಿಕ್ ಬಹಳ ನೋಯಿಸುತ್ತದೆ. ಶಾಲು, ಜಡೆ, ಬಳೆ ಇದ್ದವರು ಓಡುವ ಬೆಲ್ಟಿನ ಹತ್ತಿರ ಹೋಗುವ ಮೊದಲು ಎಲ್ಲ ಕಟ್ಟಿಕೊಂಡು, ತೆಗೆದಿಟ್ಟು ಹೋಗಿ. ಐದಕ್ಕೆ ಮೂರು ಕೊಡಬಹುದು.

ಅದೇ ಆನ್‌ಲೈನಿನಲ್ಲಿ ಬೇರಿಂಗ್ ಪುಲ್ಲರ್ ಕಿಟ್ ಕೂಡ ಸಿಗುತ್ತದೆ. ಉದ್ದದ ಬೋಲ್ಟ್, ಬೇರೆ ಬೇರೆ ಅಳತೆಯ ಬಟ್ಟಲುಗಳು, ಮನೆಯಲ್ಲೇ ಬೇರಿಂಗ್ ಎಳೆದು ತೆಗೆಯಿರಿ ಎಂದು ಜಾಹೀರಾತು. ತಮ್ಮನ ಸ್ನೇಹಿತನ ಹತ್ತಿರ ಒಂದಿತ್ತು, ತಂದು ನೋಡಿದೆವು. ನಮ್ಮ ಕರಾವಳಿಯ ತುಕ್ಕಿನ ಮುಂದೆ ಅದರ ಆಟ ನಡೆಯಲಿಲ್ಲ. ನಕಲ್ಲಿನೊಳಗೆ ಬೇರಿಂಗ್ ಒಂದಿಷ್ಟೂ ಅಲುಗಾಡಲಿಲ್ಲ, ಕಿಟ್ಟಿನ ಬೋಲ್ಟಿನ ಮರೆಯೇ ಹೋಗಲು ಶುರುವಾಯಿತು. ನಾಲ್ಕು ಸಾವಿರ ಕೊಟ್ಟು ಇದನ್ನು ತೆಗೆದುಕೊಳ್ಳುವ ಬದಲು ಆಟೊ ಹಿಡಿದು ಯೆಯ್ಯಾಡಿಗೆ ಹೋಗಿ.

ಬಿಚ್ಚುವ ಕೆಲಸ ಮನೆಯಲ್ಲೇ ಆಯಿತು. ಚಕ್ರ ನೆಲದ ಮೇಲೆ ಇರುವಾಗಲೇ ಚಕ್ರದ ನಡುವಿನ ದೊಡ್ಡ ನಟ್, ಅಂದರೆ ಆಕ್ಸಲ್ ನಟ್, ಸಡಿಲ ಮಾಡಿಕೊಳ್ಳಬೇಕು. ಅದಕ್ಕೂ ಮೊದಲು ನಟ್ಟಿನ ಅಂಚನ್ನು ಶಾಫ್ಟಿನ ಕಚ್ಚಿಗೆ ಬಡಿದು ಕೂರಿಸಿರುತ್ತಾರಲ್ಲ, ಅದನ್ನು ಉಳಿಯಿಂದ ಎಬ್ಬಿಸಬೇಕು. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ತೆಗೆದು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆವು. ಬ್ರೇಕ್ ಪೈಪಿನಲ್ಲಿ ಅದನ್ನು ನೇತಾಡಲು ಬಿಡಬಾರದು. ಸ್ಟ್ರಟ್ಟಿನ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್) ಎರಡು ಬೋಲ್ಟ್ ತೆಗೆಯುವ ಮೊದಲು ಅದು ಎಲ್ಲಿ ಕೂತಿದೆ ಎಂದು ಗುರುತು ಹಾಕಬೇಕು, ಇಲ್ಲದಿದ್ದರೆ ಚಕ್ರದ ಕೋನ ಬದಲಾಗುತ್ತದೆ. ನನ್ನ ಕೆಂಪು ನೇಲ್ ಪಾಲಿಶ್ ಆ ಕೆಲಸಕ್ಕೆ ಬಂತು. ಈಗಲೂ ಅಲ್ಲಿ ಹೊಳೆಯುತ್ತಿದೆ.

ಬೇರಿಂಗ್ ಪಂಪ್‌ವೆಲ್ ಕಡೆ ಒಂದು ಸ್ಪೇರ್ಸ್ ಅಂಗಡಿಯಲ್ಲಿ ತೆಗೆದುಕೊಂಡೆ. ಸರ್ಕ್ಲಿಪ್, ಅಂದರೆ ಬೇರಿಂಗ್ ಸರಿಯದಂತೆ ಹಿಡಿಯುವ ಸ್ಪ್ರಿಂಗ್ ಬಳೆ, ಸೇರಿ 1,450 ರೂಪಾಯಿ. ಗಾಡಿಯ ಹೆಸರು ಹೇಳಿದರೆ ಮಾತ್ರ ಸಾಲದು, ಬೇರಿಂಗಿನ ಮೇಲೆ ಬರೆದ ನಂಬರ್ ನೋಡಿ. ಡಿಎಸಿ 40740040 ಎಂದಿದ್ದರೆ ಒಳಗಿನ ತೂತು 40 ಮಿಲಿಮೀಟರ್, ಹೊರಗಿನ ಅಳತೆ 74, ಅಗಲ 40. ಹಳೆಯದರ ನಂಬರ್ ಅಳಿಸಿಹೋಗಿದ್ದರೂ ವರ್ನಿಯರ್ ಇಟ್ಟು ಅಳೆದರೆ ಸರಿಯಾದದ್ದು ಸಿಗುತ್ತದೆ. ಡುಪ್ಲಿಕೇಟ್ ಕಾಟ ಈ ಸಾಮಾನಿಗೆ ಬಹಳ. ಬೇರಿಂಗ್ ಕಂಪನಿ ಎಸ್‌ಕೆಎಫ್‌ನವರದ್ದು ಒಥೆಂಟಿಕೇಟ್ ಎಂಬ ಆ್ಯಪ್ ಇದೆ, ಎಫ್‌ಎಜಿ ಮಾಡುವ ಶೇಫ್ಲರ್ ಕಂಪನಿಯದ್ದು ಒರಿಜಿನ್‌ಚೆಕ್. ಅಂಗಡಿಯಲ್ಲೇ ನಿಂತು ನೋಡಬಹುದು. ಜೈಪುರದ ಎನ್‌ಬಿಸಿ ಕೂಡ ನಮ್ಮ ದೇಶದ ಹಳೆ ಹೆಸರು, ದರ ಕಡಿಮೆ. ಪ್ಯಾಕೆಟ್ ಒಡೆದಿದ್ದರೆ ಯಾವ ಕಂಪನಿಯದ್ದಾದರೂ ಬೇಡ ಎನ್ನಿ.

ಈಗ ಅಂಗಡಿಗೆ ಬರೋಣ. ಬೆಳಿಗ್ಗೆ ಹೋದಾಗ ಮುಂದೆ ಒಂದು ಪಿಕಪ್ಪಿನ ಕೆಲಸ ಇತ್ತು, ಕಾದೆವು. ಮಾಲೀಕರು ನಕಲ್ ಕೈಗೆ ತೆಗೆದುಕೊಂಡು ಹಬ್ ಒಮ್ಮೆ ತಿರುಗಿಸಿದರು. "ನೀರು ಹೋಗಿದೆ" ಎಂದರು. ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಅದರೊಳಗೆ ಹೋದದ್ದು ಹೌದು. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಇದಕ್ಕೆ ಆಶ್ಚರ್ಯಪಡುವುದು ಎಂತ.

ಎರಡು ಚಾನೆಲ್ ತುಂಡುಗಳ ಮೇಲೆ ನಕಲ್ ಇಟ್ಟು, ಹಬ್ಬಿನ ಮೇಲೆ ಒಂದು ಉಕ್ಕಿನ ಗುಂಡು ಇಟ್ಟು ಪ್ರೆಸ್ಸಿನ ಹಿಡಿ ಒತ್ತತೊಡಗಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಟಪ್ ಎಂದು ಇಡೀ ಮೇಜು ಅದುರುವಂಥ ಶಬ್ದ ಬಂದು ಹಬ್ ಕೆಳಗಿಳಿಯಿತು. ನಾನು ಹಿಂದೆ ಸರಿದೆ. ಅವರು ನಕ್ಕರು. ಬೇರಿಂಗಿನ ಒಳಗಿನ ರೇಸ್, ಅಂದರೆ ಬಾಲ್ ಓಡುವ ಉಕ್ಕಿನ ಬಳೆ, ಹಬ್ಬಿಗೇ ಅಂಟಿಕೊಂಡು ಬಂದಿತ್ತು. ಹೀಗೆ ಆಗುವುದು ಮಾಮೂಲು. ಗ್ರೈಂಡರಿನಿಂದ ಅದಕ್ಕೆ ಓರೆಯಾಗಿ ಒಂದು ಗೀರು ಹಾಕಿದರು. ಪೂರ್ತಿ ಕತ್ತರಿಸಲಿಲ್ಲ, ಹಬ್ಬಿಗೆ ತಾಗುವ ಸ್ವಲ್ಪ ಮೊದಲೇ ನಿಲ್ಲಿಸಿ, ಉಳಿ ಇಟ್ಟು ಒಂದು ಪೆಟ್ಟು. ರೇಸ್ ಸೀಳಿ ಬಿಟ್ಟಿತು. ಅದನ್ನು ನನ್ನ ಕೈಗೆ ಕೊಟ್ಟರು. ಬಾಲ್ ಓಡುವ ದಾರಿಯಲ್ಲಿ ಒಂದು ಕಡೆ ಉಕ್ಕಿನ ಮೇಲ್ಪದರವೇ ಎದ್ದುಹೋಗಿ ಗುಳಿ ಬಿದ್ದಿತ್ತು, ಸುತ್ತ ಕಂದು ಕಲೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಇಷ್ಟು ದಿನ ಕೇಳಿದ ಶಬ್ದ ಇದೇ.

ಹಬ್ಬನ್ನು ವರ್ನಿಯರಿನಲ್ಲಿ ಅಳೆದರು. ಸವೆದಿಲ್ಲ, ಹೊಸದು ಬೇಡ ಎಂದರು. ಅಲ್ಲೇ ಎಸ್ಟಿಮೇಟಿನ ದೊಡ್ಡ ಪಾಲು ಉಳಿಯಿತು. ನಕಲ್ಲಿನ ಒಳಭಾಗ ಎಮರಿ ಪೇಪರಿನಿಂದ ಉಜ್ಜಿ, ಒರೆಸಿ, ಸ್ವಲ್ಪ ಎಣ್ಣೆ ಸವರಿದರು. ಮೇಜಿನ ಅಡಿಯಿಂದ ಒಂದು ದೊಡ್ಡ ತಗಡಿನ ಡಬ್ಬ ಬಂತು. ತುಂಬ ಹಳೆ ಬೇರಿಂಗಿನ ಹೊರಗಿನ ರೇಸುಗಳು, ಪೇಂಟಿನಲ್ಲಿ ಆಲ್ಟೊ, ಸ್ವಿಫ್ಟ್, ಓಮ್ನಿ ಎಂದು ಬರೆದದ್ದು. ಒಂದೊಂದನ್ನೂ ಲೇತಿನಲ್ಲಿ ಕೂದಲೆಳೆಯಷ್ಟು ಸಣ್ಣ ಮಾಡಿ ಇಟ್ಟುಕೊಂಡಿದ್ದಾರೆ. ಹೊಸ ಬೇರಿಂಗಿನ ಹೊರಗಿನ ರೇಸ್ ಮೇಲೆ ಅದನ್ನೇ ಇಟ್ಟು ಒತ್ತುತ್ತಾರೆ. ಒತ್ತುವ ಬಲ ಹೊರಗಿನ ರೇಸಿಗೆ ಮಾತ್ರ ಹೋಗುತ್ತದೆ, ಬಾಲಿಗೆ ತಾಗುವುದಿಲ್ಲ. ಆಮೇಲೆ ಸರ್ಕ್ಲಿಪ್. ಹಬ್ ಕೂರಿಸುವಾಗ ನಕಲ್ ಮಗುಚಿ, ಈ ಸಲ ಒಳಗಿನ ರೇಸಿನ ಕೆಳಗೆ ಸಪೋರ್ಟ್ ಕೊಟ್ಟರು.

"ಇದು ಕೊಡದೆ ಒತ್ತಿದ್ರೆ ಎಂತ ಆಗ್ತದೆ ಅಣ್ಣ?" ಎಂದೆ.

"ಲೋಡ್ ಎಲ್ಲ ಬಾಲ್ ಮೇಲೆ. ರೇಸಲ್ಲಿ ಸಣ್ಣ ಸಣ್ಣ ಗುಂಡಿ ಬೀಳ್ತದೆ. ಹೊಸ ಬೇರಿಂಗ್ ಮನೆಗೆ ಹೋಗುವಾಗ್ಲೇ ಕೂಗ್ತದೆ. ಆಮೇಲೆ ಬೇರಿಂಗ್ ಕಂಪನಿಗೆ ಬೈಯೋದು."

ಸುತ್ತಿಗೆಯಿಂದ ಬಡಿದು ಕೂರಿಸಿದ ಬೇರಿಂಗ್ ಬೇಗ ಹೋಗುವುದು ಇದೇ ಕಾರಣಕ್ಕೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯವರಿಗೆ ಅವರು ಹೇಳಿದ ಇನ್ನೊಂದು ಮಾತು. ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಮ್ಯಾಗ್ನೆಟ್ ರಿಂಗ್ ಇದ್ದರೆ ಆ ಬದಿ ಸೆನ್ಸರ್ ಕಡೆಗೇ ಬರಬೇಕು. ಉಲ್ಟಾ ಕೂರಿಸಿದರೆ ಎಬಿಎಸ್ ಲೈಟ್ ಉರಿಯುತ್ತದೆ, ಪುನಃ ಬಿಚ್ಚಬೇಕು. ಪೇಪರ್ ಕ್ಲಿಪ್ ಹತ್ತಿರ ಹಿಡಿದರೆ ಯಾವ ಬದಿ ಎಂದು ಗೊತ್ತಾಗುತ್ತದೆ. ಕೆಲವು ಗಾಡಿಗಳಲ್ಲಿ ಹಬ್, ಬೇರಿಂಗ್ ಒಂದೇ ಯುನಿಟ್ ಆಗಿ ಬೋಲ್ಟಿನಲ್ಲಿ ಕೂರುತ್ತದೆ. ಅಂಥವರಿಗೆ ಪ್ರೆಸ್ಸೂ ಬೇಡ, ಈ ಅಂಗಡಿಯೂ ಬೇಡ.

ಚಾರ್ಜ್ 400 ರೂಪಾಯಿ. ಅರ್ಧ ನಂಬರ್ ಕಡಿಮೆ ಮಾಡಿದ್ದು ಎರಡು ಕಾರಣಕ್ಕೆ. ಬಿಲ್ ಕೊಡುವುದಿಲ್ಲ, ಕೇಳಿದರೆ ಮುಖ ನೋಡುತ್ತಾರೆ. ಮತ್ತೆ ಮುಗಿದ ನಕಲ್ಲನ್ನು ಹುಡುಗ ನೇರ ನೆಲದ ಮೇಲೆ ಇಟ್ಟ, ಸುತ್ತ ಲೇತಿನ ಕಬ್ಬಿಣದ ಚೂರು. ಅಷ್ಟು ನಾಜೂಕಾಗಿ ಕೆಲಸ ಮಾಡಿ ಕೊನೆಗೆ ಹೀಗಾ? ನಾನು ಎತ್ತಿ ಒರೆಸಿಕೊಂಡೆ.

ಮನೆಯಲ್ಲಿ ಜೋಡಿಸುವಾಗ ಆಕ್ಸಲ್ ನಟ್ ಹೊಸದು ಹಾಕಿದೆವು, ಹಳೆಯದನ್ನು ಪುನಃ ಬಡಿದು ಕೂರಿಸುವುದು ಸರಿಯಲ್ಲ. ಇದನ್ನು ಅಂದಾಜಿನಲ್ಲಿ ಬಿಗಿ ಮಾಡುವ ಹಾಗಿಲ್ಲ. ಸಣ್ಣ ಕಾರುಗಳಿಗೆ ಬಿಗಿ ಸಾಮಾನ್ಯವಾಗಿ 150ರಿಂದ 250 ನ್ಯೂಟನ್ ಮೀಟರ್ ಒಳಗೆ ಇರುತ್ತದೆ, ನಿಮ್ಮ ಮಾಡೆಲಿನದ್ದು ಮ್ಯಾನುವಲ್ ನೋಡಿ. ಬೇರಿಂಗಿನ ಎರಡು ಒಳ ರೇಸುಗಳನ್ನು ಒಟ್ಟಿಗೆ ಹಿಡಿದಿಡುವುದು ಈ ನಟ್ಟೇ. ಹಾಗಾಗಿ ಗಾಡಿ ಸ್ಟ್ಯಾಂಡ್ ಮೇಲಿರುವಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದು, ಬಿಗಿ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಬೇಕು. ನಟ್ ಸಡಿಲ ಇಟ್ಟು ಗಾಡಿಯ ಭಾರ ಹೊರಿಸಿದರೆ, ಗೇಟಿನವರೆಗೆ ತಳ್ಳಿದರೂ ಸಾಕು, ಬೇರಿಂಗ್ ಕೆಡುತ್ತದೆ. ನನ್ನ ತಮ್ಮ ಅವನ ಕೆಲಸದ ಜಾಗದಿಂದ ರೆಂಚ್ ತಂದಿದ್ದ. ನಿಮ್ಮ ಹತ್ತಿರ ಇಲ್ಲದಿದ್ದರೆ ಈ ಕೆಲಸವನ್ನೂ ಗ್ಯಾರೇಜಿಗೇ ಬಿಡಿ.

ಎಡಗಡೆಯದ್ದು ಮುಟ್ಟಲಿಲ್ಲ. ಚೆನ್ನಾಗಿರುವುದನ್ನು ಯಾಕೆ ಬಿಚ್ಚಬೇಕು? ಒಂದು ಹೋಯಿತೆಂದು ಎರಡೂ ಹಾಕಲು ಇದು ಬ್ರೇಕ್ ಪ್ಯಾಡ್ ಅಲ್ಲ. ಅಲೈನ್‌ಮೆಂಟ್ ಮಾತ್ರ ಮಾಡಿಸಿದೆವು. ಈಗ 80ರಲ್ಲಿ ಹೋದರೂ ಗುಂಯ್ ಇಲ್ಲ. ಆದರೆ ಅದು ನಿಂತ ಮೇಲೆ ಡಿಕ್ಕಿಯಲ್ಲಿ ಜಾಕಿನ ಹಿಡಿ ಬಡಿಯುವ ಶಬ್ದ ಕೇಳಲು ಶುರುವಾಗಿದೆ.

ಹೋಗುವವರಿಗೆ: ಭಾನುವಾರ ರಜೆ. ಮಧ್ಯಾಹ್ನ ಒಂದರಿಂದ ಎರಡೂವರೆ ತನಕ ಶಟರ್ ಅರ್ಧ ಇಳಿದಿರುತ್ತದೆ, ಕರೆದರೂ ಏಳುವುದಿಲ್ಲ. ನಕಲ್ ಡೀಸೆಲಿನಲ್ಲಿ ತೊಳೆದು ಒಯ್ಯಿರಿ, ಕೆಸರು ಇದ್ದರೆ ಪ್ರೆಸ್ ಮೇಲೆ ಇಡುವುದಿಲ್ಲ. ಬೇರಿಂಗ್, ಸರ್ಕ್ಲಿಪ್ ನೀವೇ ತರಬೇಕು. ವಾಪಸ್ ತರಲು ಒಂದು ಶುದ್ಧ ಬಟ್ಟೆ ಮತ್ತು ಗಟ್ಟಿ ಚೀಲ ಇರಲಿ. ಚಿಲ್ಲರೆ ಇಟ್ಟುಕೊಳ್ಳಿ, ಯುಪಿಐ ಬೋರ್ಡ್ ಇದೆ, ಆದರೆ ಅದು ಹಿಂದಿನ ಬಾಡಿಗೆದಾರರದ್ದಂತೆ.